ಅಣ್ಣನ ಗಿಟಾರಿಗೆ ಸ್ಪ್ರಿಂಗ್ ಪೆಟ್ಟಿಗೆ

ಅಣ್ಣನ ಕಿವಿಯ ಬಗ್ಗೆ ನಮ್ಮ ಮನೆಯಲ್ಲಿ ದೊಡ್ಡ ಗರ್ವವಿತ್ತು. ಅವನು ಗಿಟಾರ್ ಬಾರಿಸುವವನು. ವಿಜಯಪುರದ ಮದುವೆ ಆರ್ಕೆಸ್ಟ್ರಾಗಳಲ್ಲಿ ಬಾರಿಸಿಯೇ ಸಂಸಾರ ಸಾಗಿಸಿದವನು. ನನ್ನದು ಸಿದ್ಧೇಶ್ವರ ಗುಡಿಯ ಹತ್ತಿರದ ಓಣಿಯಲ್ಲಿ ರೇಡಿಯೊ, ಆಂಪ್ಲಿಫೈಯರ್ ರಿಪೇರಿ ಅಂಗಡಿ. ಮೆಟ್ಟಿಲು ಹತ್ತುವ ಮೊದಲೇ, ಒಳಗೆ ಯಾವ ಯಂತ್ರ ಗುಂಯ್ ಅನ್ನುತ್ತಿದೆ ಎಂದು ಅವನು ಹೇಳಿಬಿಡುತ್ತಿದ್ದ. ನನಗೆ ಕೇಳಿಸಿರದಿದ್ದರೆ, "ನಿನ್ನ ಕಿವಿ ಬಿಜ್ಜರಗಿ ಊರಾಗ ಕುರಿ ಕಾಯಾಕ ಲಾಯಕ್ಕು ಲೇ," ಎಂದು ನಗುತ್ತಿದ್ದ. ಕುರಿ ಕಾಯುವವರ ಕಿವಿ ನಮ್ಮಿಬ್ಬರಿಗಿಂತ ಚುರುಕು ಎಂಬುದು ಅವನಿಗೂ ಗೊತ್ತಿತ್ತು.

ಕಳೆದ ವರ್ಷ ಅವನಿಗಾಗಿ ಒಂದು ವಾಲ್ವ್ ಆಂಪ್ಲಿಫೈಯರ್ ಕಟ್ಟಿದೆ. ಹಳೆಯ ರೇಡಿಯೊಗಳ ಹಾಗೆ, ಒಳಗಿನ ಗಾಜಿನ ವಾಲ್ವು ಕಾದ ಮೇಲೆಯೇ ಅದು ಬಾಯಿ ಬಿಡುತ್ತದೆ. ಒಂದು ತಿಂಗಳು ಬಾರಿಸಿ ಅಣ್ಣ ಮತ್ತೆ ಬಂದ.

"ಇದಕ್ಕ ಸ್ಪ್ರಿಂಗ್ ಪೆಟಗಿ ಹಾಕು ತಮ್ಮಾ. ನಮ್ಮ ತ್ವಾಟದ ಬಾವ್ಯಾಗ ಕೂಗಿದ್ರ ದನಿ ಹೆಂಗ ನಿಂದರತಿತ್ತು, ಹಂಗ ನಿಂದರಬೇಕು."

ಸ್ಪ್ರಿಂಗ್ ರಿವರ್ಬ್ ಅಂದರೆ ಒಂದು ತಗಡಿನ ಪೆಟ್ಟಿಗೆ. ಒಳಗೆ ತೆಳ್ಳನೆಯ ಸ್ಪ್ರಿಂಗುಗಳನ್ನು ಎಳೆದು ಕಟ್ಟಿರುತ್ತಾರೆ. ಗಿಟಾರಿನ ದನಿ ಒಂದು ತುದಿಯಲ್ಲಿ ಹೊಕ್ಕು, ನಡುಗುತ್ತ ಇನ್ನೊಂದು ತುದಿಗೆ ಬರುತ್ತದೆ. ಕೈ ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ಉಳಿಯುತ್ತದೆ. ನಾನು ಎರಡು ತರಿಸಿದೆ. ಗೇಣುದ್ದದ್ದರ ಗುಂಗು ಬೇಗ ಅಡಗುತ್ತದೆ. ಮೊಳದುದ್ದದ್ದರ ಗುಂಗು ಎಳೆದೇ ಎಳೆಯುತ್ತದೆ. ಅದಕ್ಕಿಂತ ಉದ್ದ ಎಳೆಯುವುದು ಎಲ್ಲಿಯೂ ಸಿಗುವುದಿಲ್ಲ. ನನ್ನ ಮನಸ್ಸು ಚಿಕ್ಕದರ ಮೇಲಿತ್ತು. ಉದ್ದದ್ದರಲ್ಲಿ ಸ್ವರದ ಮೇಲೆ ಸ್ವರ ಬಿದ್ದು ಕಲಸುಮೇಲೋಗರ ಆಗುತ್ತದೆ. ಆದರೆ ಆರಿಸುವವನು ಅಣ್ಣ. ಅವನು ಬೇಡ ಅಂದದ್ದನ್ನು ವಾಪಸ್ ಕಳಿಸುವುದೆಂದು ಮಾತಾಗಿತ್ತು.

ಪೆಟ್ಟಿಗೆಗಳು ಬಂದ ದಿನ ಮಧ್ಯಾಹ್ನ ಅಣ್ಣ ಬಂದು ಸ್ಟೂಲಿನ ಮೇಲೆ ಕೂತ. ಮೊದಲು ಉದ್ದದ್ದನ್ನು ಜೋಡಿಸಿದೆ. ಅವಸರದಲ್ಲಿ ಅದನ್ನು ಆಂಪ್ಲಿಫೈಯರ್ ಒಳಗಿನ ಟ್ರಾನ್ಸ್‌ಫಾರ್ಮರಿನ ಪಕ್ಕಕ್ಕೇ ಇಟ್ಟುಬಿಟ್ಟಿದ್ದೆ. ಹಾಗೆ ಇಡಲೇಬಾರದು, ಕರೆಂಟಿನ ಸದ್ದು ಸ್ಪ್ರಿಂಗಿಗೆ ಹತ್ತಿಕೊಳ್ಳುತ್ತದೆ. ಎದುರಿನ ಬಳೆ ಅಂಗಡಿಯವರು ತಿರುಗಿ ನೋಡುವಷ್ಟು ಗುಂಯ್ ಎಂದಿತು. ಬೈಗುಳಕ್ಕೆ ಕಾದೆ. ಅಣ್ಣ ಕಣ್ಣು ಮುಚ್ಚಿ ಬಾರಿಸುತ್ತಲೇ ಇದ್ದ.

ಆಗ ಅವ್ವ ನೆನಪಾದಳು. ಮನೆಗೆ ಹೊಸದೇನು ಬಂದರೂ, "ಕಾಯಿ ಒಡಿಯೂ ತನಕ ಬಾಯಿ ತೆರೀಬ್ಯಾಡ್ರಿ" ಅನ್ನುತ್ತಿದ್ದಳು. ಪೂಜೆಗೆ ಮೊದಲು ಹೊಸ ವಸ್ತುವಿಗೆ ಕೊಂಕು ತೆಗೆಯಬಾರದು. ಒಮ್ಮೆ ಕೊಂಡು ತಂದ ಎಮ್ಮೆ ಕುಂಟುತ್ತಿದ್ದರೂ ಕಾಯಿ ಒಡೆಯುವ ತನಕ ಇಡೀ ಮನೆ ಸುಮ್ಮನಿತ್ತು. ಅಣ್ಣ ಅದನ್ನೇ ಪಾಲಿಸುತ್ತಿದ್ದಾನೆ ಎಂದುಕೊಂಡು ನನಗೆ ನಗು ಬಂತು. ಗುಡಿಯ ಮುಂದಿನಿಂದ ಕಾಯಿ ತಂದು ಹೊಸ್ತಿಲಲ್ಲಿ ಒಡೆದು, ಒಂದು ಚೂರು ಅವನ ಕೈಗಿಟ್ಟೆ.

"ಈಗ ಬೈ ಅಣ್ಣಾ, ಎಷ್ಟು ಬೈತೀ."

"ಬೈಯೂದೇನೈತಿ? ಮಸ್ತ್ ಐತಿ. ಒಂಚೂರೂ ಗದ್ಲಿಲ್ಲ."

ಚೇಷ್ಟೆ ಮಾಡುತ್ತಿದ್ದಾನೆ ಅಂದುಕೊಂಡೆ. ಗುಂಯ್ ಸದ್ದನ್ನು ಇನ್ನಷ್ಟು ಏರಿಸಿ, "ಈಗ?" ಎಂದೆ. ತಂತಿಯಿಂದ ಕೈ ತೆಗೆದು, ಕೊಬ್ಬರಿ ಅಗಿಯುತ್ತ ನನ್ನ ಮುಖ ನೋಡಿದ.

"ಈಗ ಮಷೀನ್ ಬಂದ್ ಮಾಡೀದಿಯಲ್ಲ," ಎಂದ.

ಅದು ಚೇಷ್ಟೆಯಾಗಿರಲಿಲ್ಲ. ಭಾಳ ಜೋರು ಬಾರಿಸ್ತಾನ ಎಂದು ಆರ್ಕೆಸ್ಟ್ರಾದವರು ಅವನನ್ನು ಕರೆಯುವುದು ಬಿಟ್ಟಾಗ ನಾನು ಅವರನ್ನೇ ಬೈದಿದ್ದೆ. ಅವನ ಹೆಂಡತಿ, ನಮ್ಮ ವೈನಿ, ಎರಡೆರಡು ಸಲ ಕರೆದರೂ ಅವನು ತಿರುಗದಿದ್ದಾಗ ಧಿಮಾಕು ಅಂದುಕೊಂಡಿದ್ದೆ. ಊರಿನ ಯಂತ್ರಗಳ ಕಾಯಿಲೆ ಹಿಡಿಯುವ ನಾನು ಒಡಹುಟ್ಟಿದವನದನ್ನು ಹಿಡಿಯಲಿಲ್ಲ. ಅವ್ವ ಸತ್ತ ದಿನವೂ ನನಗೆ ಅಷ್ಟು ಸಂಕಟವಾಗಿರಲಿಲ್ಲ.

ಪೆಟ್ಟಿಗೆಯನ್ನು ದೂರ ಸರಿಸಿದೆ. ಸದ್ದು ನಿಂತಿತು. ಅಣ್ಣನ ಮುಖದಲ್ಲಿ ಏನೂ ಬದಲಾಗಲಿಲ್ಲ.

"ಸಣ್ಣದೂ ಐತಿ. ಅದನ್ನೂ ನೋಡ್ತೀಯೇನು?" ಎಂದು ಜೋರಾಗಿ ಕೇಳಿದೆ.

"ಬ್ಯಾಡ." ಒಂದು ತಂತಿ ಮೀಟಿ, ಸ್ಪೀಕರಿನ ಮರದ ಮೇಲೆ ಅಂಗೈ ಇಟ್ಟ. ನಡುಕ ಪೂರ್ತಿ ಅಡಗುವ ತನಕ ತೆಗೆಯಲಿಲ್ಲ. "ಇತ್ತಿತ್ಲಾಗ ತಂತಿ ಚಲೋ ಬರವಲ್ಲವು ತಮ್ಮಾ. ಎಷ್ಟು ಸಲ ಬದ್ಲಿ ಮಾಡಿದ್ರೂ ಅಷ್ಟ. ಬಾರಿಸಿದ್ದು ಲಗೂನ ಸತ್ತ ಹೋಗತೈತಿ. ಅದಕ್ಕ ಈ ಸ್ಪ್ರಿಂಗ್ ಬೇಕಂದದ್ದು." ಇನ್ನೊಂದು ಸಲ ಮೀಟಿದ. "ಇದಕ್ಕಿಂತ ಉದ್ದ ನಿಂದರೂದು ಸಿಗತೈತೇನು?"

"ಸಿಗತೈತಣ್ಣಾ, ತರಸ್ತೇನಿ," ಎಂದೆ.

"ಹ್ಞಾಂ?" ಎಂದು ತಲೆ ವಾಲಿಸಿದ.

ಎದ್ದು ಹೋಗಿ ಅವನ ಕಿವಿಗೆ ಬಾಯಿ ಹಚ್ಚಿ, ಅದೇ ಸುಳ್ಳನ್ನು ಕೂಗಿ ಹೇಳಿದೆ.