ಕೂತ ಎತ್ತು

ಗೆಳೆಯರೇ, ಇವತ್ತು ನಮ್ಮೂರು ತುರೋರಿಯಲ್ಲಿ ಒಂದು ಎತ್ತಿಗಾಗಿ ಜಗಳವಾಯಿತು. ಎತ್ತು ಹೆಬ್ಬೆರಳಿನಷ್ಟು ಉದ್ದ, ಉಣ್ಣೆಯದು, ನಾನೇ ಹೆಣೆದದ್ದು.

ಪಕ್ಕದ ಮನೆಯ ಸುನಂದಾ ವೈನಿ ಎತ್ತುಗಳ ಹಬ್ಬವಾದ ಪೋಳಾದ ಪೂಜೆಗೆಂದು ಕೇಳಿದ್ದರು. ಕೈಗೆ ಕೊಟ್ಟರೆ, "ಅಗ ಬಾಯಿ! ಇದು ಕುಂತದಲ್ರೀ! ಪೋಳಾಕ್ಕ ಎತ್ತು ನಿಂತಿರಬೇಕು. ಎಬ್ಬಿಸಿ ಕೊಡ್ರಿ" ಎಂದು ಹಿಂದಕ್ಕೆ ಕೊಟ್ಟರು.

ಪೇಟ ಸುತ್ತಿದ ಕೋಳಿ, ಕನ್ನಡಕದ ಆಡು, ನಾನು ಹೆಣೆಯುವ ಎಲ್ಲವೂ ಕೂತೇ ಇರುತ್ತವೆ. ಭೂಕಂಪದ ವರ್ಷ ತಗಡಿನ ಶೆಡ್ಡಿನಲ್ಲಿದ್ದಾಗ, ದಾನಕ್ಕೆ ಬಂದ ಸ್ವೆಟರುಗಳನ್ನು ಬಿಚ್ಚಿ ಅವ್ವ ನನಗೆ ಇಂಥ ಪ್ರಾಣಿಗಳನ್ನು ಹೆಣೆಯುತ್ತಿದ್ದಳು. ನೆಲ ಮತ್ತೆ ಮತ್ತೆ ಅದುರಿ ಅವು ಉರುಳಿದಾಗೆಲ್ಲ ನಾನು ಚೀರುತ್ತಿದ್ದೆ. ಕೊನೆಗೆ ಅವ್ವ ಅವುಗಳ ಕಾಲು ಮಡಚಿದಳು. "ಇನ್ನ ಇವು ಕುಂತೇ ಇರ್ಲಿ ಮಗಾ, ಬೀಳೂ ಕಾಳಜಿನೇ ಬ್ಯಾಡ" ಎಂದಳು.

ವೈನಿಗೆ ಇದನ್ನೆಲ್ಲ ಹೇಳಲಿಲ್ಲ. ಸಿಟ್ಟಿನಲ್ಲೇ ಒಂದು ಎತ್ತನ್ನು ನಿಲ್ಲುವಂತೆ ಹೆಣೆದು, ಸಂಜೆ ಅವರನ್ನು ಕರೆದು, ಕೂತವುಗಳ ಸಾಲಿನಲ್ಲಿಟ್ಟು ತೋರಿಸಿದೆ. ಅಷ್ಟರಲ್ಲಿ ಧಡ್ ಎಂದು ಸದ್ದಾಯಿತು. ನೆಲ ನಡುಗಿತು. ಕಣ್ಣು ಬಿಟ್ಟು ನೋಡಿದರೆ ಇಬ್ಬರೂ ಅಂಗಳದಲ್ಲಿದ್ದೆವು, ನನ್ನ ಕೈ ವೈನಿಯ ಮುಷ್ಟಿಯಲ್ಲಿತ್ತು.

"ಹೊಲದಾಗ ಬಾವಿ ಕಲ್ಲು ಮದ್ದಿಟ್ಟು ಒಡೀಲತ್ಯಾರ್ರೀ, ಮತ್ತೇನಿಲ್ಲ" ಎಂದು ವೈನಿಯೇ ಮೊದಲು ನಕ್ಕರು.

ಒಳಗೆ ಬಂದರೆ ಹೊಸ ಎತ್ತು ಮೂತಿ ಕೆಳಗಾಗಿ ಬಿದ್ದಿತ್ತು. ಉಳಿದವು ಕದಲಿರಲಿಲ್ಲ. "ಕುಂತದ್ದೇ ಕೊಡ್ರಿ" ಎಂದರು ವೈನಿ.

ಅವ್ವ ಕಲಿಸಿದಂತೆ ಕಾಲು ಮಡಚಿದ ಎತ್ತೇ ಪೂಜೆಗೆ ಹೋಯಿತು. ಇಷ್ಟು ವರ್ಷವಾದರೂ ನೆಲ ನಡುಗಿದಾಗ ಅದರಂತೆ ಕೂತಿರುವುದನ್ನು ಕಲಿಯದವರು ನಾವಿಬ್ಬರೇ.