ಹದಿನೇಳು ಡಿಸ್ಕು, ಒಂದು ಪ್ಲೇಯರು

ಒಬ್ಬನೇ ಇರುವವನು ಕೈಗೆ ಸಿಕ್ಕಿದ್ದನ್ನೆಲ್ಲ ಮಾತನಾಡಿಸುತ್ತಾನೆ. ಕಾಪುವಿನ ಈ ಬಾಡಿಗೆ ಮನೆಯಲ್ಲಿ ನಾನು ಮಾತನಾಡಿಸುವುದು ಕಂಪ್ಯೂಟರನ್ನು, ಅದೂ ಹೆಚ್ಚಾಗಿ ಬೈಯುವುದಕ್ಕೆ. ಜಗಳದ ಮೂಲ ನನ್ನ ಕಪಾಟಿನಲ್ಲಿರುವ ಹದಿನೇಳು ಬ್ಲೂ-ರೇ ಡಿಸ್ಕುಗಳು.

ಶಾರ್ಜಾದಲ್ಲಿ ನಾನೂ ಕಾರ್ಕಳದ ವಾಮನನೂ ಹನ್ನೊಂದು ವರ್ಷ ಒಂದೇ ರೂಮಿನಲ್ಲಿದ್ದವರು. ಕೊನೆಯ ಎರಡು ವರ್ಷ ಇಬ್ಬರೂ ಸೇರಿ ಪ್ಲೇಯರು ಕೊಂಡು, ಡಿಸ್ಕು ಕೂಡಿಹಾಕಿ, ಶುಕ್ರವಾರಕ್ಕೊಂದು ಸಿನಿಮಾ ನೋಡುತ್ತಿದ್ದೆವು. ಕಂಪೆನಿ ಮುಚ್ಚಿ ಊರಿಗೆ ಹೊರಟಾಗ, ರೂಮಿನ ಪದ್ಧತಿಯಂತೆ ಸಾಮಾನು ಹಂಚಿಕೊಳ್ಳಲು ಚೀಟಿ ಎತ್ತಿದೆವು. ಡಿಸ್ಕುಗಳು ನನಗೆ ಬಂದವು, ಪ್ಲೇಯರು ವಾಮನನಿಗೆ. ಒಂದಿಲ್ಲದೆ ಇನ್ನೊಂದು ನಡೆಯದು ಎಂದು ಇಬ್ಬರಿಗೂ ಗೊತ್ತಿತ್ತು. ಆದರೆ ಇಬ್ಬರೂ ಮಹಾ ಸಂಕೋಚದವರು. ಚೀಟಿಗೆ ಎದುರು ಹೇಳುವುದುಂಟೇ?

ಉಡುಪಿಯಲ್ಲಿ ಹೊಸ ಪ್ಲೇಯರು ಕೊಂಡೆ. ಅದು ಡಿಸ್ಕನ್ನು ಒಳಗೆ ಎಳೆದುಕೊಂಡು, ಸ್ವಲ್ಪ ಯೋಚಿಸಿ, ಹೊರಗೆ ದಬ್ಬಿತು. ಕೊಲ್ಲಿಯ ಕಡೆ ಮಾರಿದ್ದು ಇಲ್ಲಿನ ಯಂತ್ರದಲ್ಲಿ ಓಡದಂತೆ ಒಳಗೇ ಬೀಗ ಹಾಕಿದ್ದಾರಂತೆ. ನನ್ನ ವೀಸಾ ಅಲ್ಲಿ ಮುಗಿದಿತ್ತು, ಡಿಸ್ಕುಗಳಿಗೆ ಇಲ್ಲಿನ ವೀಸಾ ಸಿಗಲಿಲ್ಲ.

ಕಂಪ್ಯೂಟರಿಗೆ ನಕಲು ಇಳಿಸಿಕೊಳ್ಳುತ್ತೇನೆಂದು ಹಟ ಹಿಡಿದೆ. ಮೊದಲ ವಾರ ಮಾಮೂಲಿ ಡಿವಿಡಿ ಡ್ರೈವಿಗೇ ಹಾಕಿ, ಓದಲಿಲ್ಲವೆಂದು ಡಿಸ್ಕನ್ನು ಪಂಚೆಯಲ್ಲಿ ಒರೆಸಿ ಒರೆಸಿ ಇಟ್ಟೆ. ಇದಕ್ಕೆ ಬೇರೆಯೇ ಡ್ರೈವು ಬೇಕೆಂದು ತಿಳಿಸಿದವನು ಮಣಿಪಾಲದ ಅಂಗಡಿಯವನು. “ಇನ್ನು ಈ ಡಿಸ್ಕುಗಳಿಗೆಲ್ಲ ಕಾಲ ಇಲ್ಲ ಸರ್. ಮುಂದೆ ಎಲ್ಲ ಇಂಟರ್ನೆಟ್ಟಿನಲ್ಲೇ ಬರ್ತದೆ,” ಎಂದು ಸಮಾಧಾನವನ್ನೂ ಹೇಳಿದ. ಡ್ರೈವು ಬಂದಿತು. ಆಮೇಲೆ ಬೀಗ ಬಿಚ್ಚುವ ಸಾಫ್ಟ್‌ವೇರು, ಹೊಸ ಡಿಸ್ಕಿಗೆ ಹೊಸ ಬೀಗ, ಅದಕ್ಕೆ ಸಾಫ್ಟ್‌ವೇರಿನ ಹೊಸ ಅವತಾರ. ಬೆಳಿಗ್ಗೆ ಹಚ್ಚಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ತೊಂಬತ್ತು ಪರ್ಸೆಂಟು. ಅಷ್ಟರಲ್ಲಿ ಕರೆಂಟು ಹೋಗುತ್ತಿತ್ತು.

ಕಾರ್ಕಳ ಏನು ದೂರವಲ್ಲ. ಶಿರ್ವ, ಬೆಳ್ಮಣ್ ಮಾರ್ಗವಾಗಿ ಬಸ್ಸುಂಟು. ಆದರೆ ವಾಮನನ ಮನೆ ತುಂಬ ಜನ. ಹೆಂಡತಿ, ಮಕ್ಕಳು, ನೆಂಟರು. ಮದುವೆಯಾಗದ ನಾನು ಅಲ್ಲಿ ಹೋಗಿ ಕೂತರೆ ಹೆಚ್ಚಿನ ಕುರ್ಚಿಯಂತಾಗುತ್ತೇನೆ ಎಂಬ ಅಳುಕು. ಫೋನಿನಲ್ಲಿ ಒಮ್ಮೆ ನಕಲಿನ ವಿಷಯ ಹೇಳಿದ್ದೆ, ಅಷ್ಟೇ. ಅವನೂ ಕರೆಯಲಿಲ್ಲ. ನನಗೆ ಬೇಜಾರಾಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಕೊನೆಗೊಂದು ದಿನ ಒಂದು ಸಿನಿಮಾ ಪೂರ್ತಿ ಇಳಿಯಿತು. ಚಹಾ ಮಾಡಿಕೊಂಡು ನೋಡಲು ಕೂತೆ. ಚಿತ್ರ ಕನ್ನಡಿಯ ಹಾಗಿತ್ತು, ಶಬ್ದವೂ ಸ್ಪಷ್ಟ. ಆದರೂ ಏನೋ ಕಡಿಮೆ. ವಾಮನನಿಗೊಂದು ಕೆಟ್ಟ ಚಾಳಿ: “ಈಗ ನೋಡು, ಅವನು ಬಾಗಿಲ ಹಿಂದೆ ಇದ್ದಾನೆ,” ಎಂದು ಮುಂದಿನದನ್ನೆಲ್ಲ ಮೊದಲೇ ಒದರಿಬಿಡುವುದು. ಎರಡು ವರ್ಷ ಅದಕ್ಕೆ ಬೈದಿದ್ದೇನೆ. ಈಗ ಆ ಬಾಗಿಲು ಬಂದಾಗ ಯಾರೂ ಏನೂ ಹೇಳಲಿಲ್ಲ. ನಕಲಿನಲ್ಲಿ ಎಲ್ಲ ಬಂದಿತ್ತು, ವಾಮನ ಬಂದಿರಲಿಲ್ಲ. ಸಿನಿಮಾ ಅಲ್ಲಿಗೇ ನಿಲ್ಲಿಸಿ, ಫೋನು ಎತ್ತಿಕೊಂಡೆ.

“ಎಂತ ಮಾರಾಯ, ಕಾಪಿ ಆಯ್ತಾ?” ಎಂದ, ಕುಶಲವನ್ನೂ ಕೇಳದೆ. “ಪ್ಲೇಯರು ಇಲ್ಲಿ ಧೂಳು ತಿನ್ನುತ್ತಾ ಉಂಟು. ನಿನ್ನನ್ನು ಕರೆಯುವ ಅಂತ ಇದ್ದೆ. ಕಾಪಿ ಆದ್ರೆ ನೀನು ಯಾಕೆ ಇಷ್ಟು ದೂರ ಬರ್ತಿ ಅಂತ ಸುಮ್ಮನಾದೆ.”

ಕಂಪ್ಯೂಟರಿನ ಪರದೆಯ ಮೇಲೆ ಆ ಬಾಗಿಲು ಅರ್ಧ ತೆರೆದು ನಿಂತಿತ್ತು.

“ಇಲ್ಲ ಮಾರಾಯ,” ಎಂದೆ. “ಭಾರೀ ಗಟ್ಟಿ ಬೀಗ. ನನ್ನಿಂದ ಆಗುವುದಿಲ್ಲ.”

“ಹಾಗಾದ್ರೆ ಶುಕ್ರವಾರ ಡಿಸ್ಕು ಇಲ್ಲಿಗೇ ತಾ. ಊಟಕ್ಕೆ ಇಲ್ಲಿಯೇ, ಅಲ್ವಾ?”

ಡಿಸ್ಕುಗಳಿಗೆ ಮುಂದೆ ಕಾಲ ಉಂಟೋ ಇಲ್ಲವೋ, ಮಣಿಪಾಲದವನಿಗೇ ಗೊತ್ತು. ನಾನು ನಕಲನ್ನು ಅಳಿಸಿದೆ. ಶುಕ್ರವಾರ ಚೀಲಕ್ಕೆ ಹಾಕಿಕೊಂಡದ್ದು ಒಂದೇ ಒಂದು ಡಿಸ್ಕು. ಉಳಿದ ಹದಿನಾರನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ ಬಸ್ಸು ಹತ್ತಿದೆ.