ಕತ್ತರಿಯಕ್ಕ ಕೆಲಸಕ್ಕೆ ಹೋಗಲಿಲ್ಲ

ಕತ್ತರಿಯಕ್ಕ ಕೆಲಸ ಬಿಟ್ಟಾಗ ಹೊಲಿಗೆ ಅಂಗಡಿಯಲ್ಲಿ ಒಬ್ಬರೂ ನಂಬಲಿಲ್ಲ. ಕೋಟು ಪ್ಯಾಂಟು ಹೊಲಿಯುವ ದೊಡ್ಡ ಅಂಗಡಿ ಅದು, ಅಲ್ಲಿ ಅವಳು ಕಟಿಂಗ್ ಮಾಸ್ಟರ್. ಹೊಲಿಯುವವರಿಗೆ ಸ್ಟೂಲು ಇರುತ್ತದೆ, ಕತ್ತರಿಸುವವರಿಗೆ ಇರುವುದಿಲ್ಲ. ಹರೆಯದಿಂದ ನಲವತ್ತೆಂಟರವರೆಗೂ ಮೇಜಿನ ಮುಂದೆ ನಿಂತೇ ಇದ್ದವಳು ಒಂದು ಶನಿವಾರ ಕೊರಳಿನ ಟೇಪು ತೆಗೆದು ಓನರ್ ಮುಂದೆ ಇಟ್ಟಳು. ಸಂಬಳ ಸಾಲದೇನು ಎಂದು ಅವರು ಕೇಳಿದರು, ಬೇರೆ ಅಂಗಡಿಯವರು ಕರೆದರೇನು ಎಂದು ಅನುಮಾನಿಸಿದರು. ಎಲ್ಲದಕ್ಕೂ ಅವಳದು ಒಂದೇ ಉತ್ತರ.

"ನಿಂತು ನಿಂತು ಸಾಕಾಯ್ತು ಸಾರ್. ಇನ್ಮೇಲೆ ಕೂತ್ಕೋತೀನಿ."

ಕೂತಳು ಕೂಡ! ಬೀದಿ ಕಾಣುವ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು, ಕಾಲು ಚಾಚಿ, ಎದುರಿನ ಸೈಕಲ್ ರಿಪೇರಿಯವನ ಜಗಳಗಳನ್ನು ಮೊದಲಿಂದ ಕೊನೆಯವರೆಗೆ ನೋಡಿದಳು. ಆ ವಯಸ್ಸಿನಲ್ಲಿ ಈಜು ಕಲಿಯಲು ಸೇರಿದಳು. ತಮ್ಮನ ಹೆಂಡತಿ ಮೂಗು ಮುರಿದಳು. ಈ ಮಹಾರಾಣಿಗೆ ಖರ್ಚಿಗೆ ಎಲ್ಲಿಂದ ಬರುತ್ತೆ ಎಂದು ನೆಂಟರೆಲ್ಲ ತಲೆ ಕೆಡಿಸಿಕೊಂಡರು.

ಬರುತ್ತಿದ್ದುದು ಷೇರುಗಳಿಂದ. ಮದುವೆಗೆ ಅಳತೆ ಕೊಟ್ಟು ಹೊಲಿಸದೆ ಬಿಟ್ಟವಳು ಅವಳು, ಗಂಡ ಮಕ್ಕಳ ಖರ್ಚಿರಲಿಲ್ಲ. ಸಂಬಳ ಬಂದಾಗಲೆಲ್ಲ ಒಂದಿಷ್ಟು ಎತ್ತಿ ಷೇರು ಕೊಂಡು, ಇದ್ದುದನ್ನು ಮರೆತವಳ ಹಾಗೆ ಇಟ್ಟಿದ್ದಳು. ಈಗ ತಿಂಗಳಿಗೆ ಬೇಕಾದಷ್ಟು ಮಾರಿಕೊಂಡು ತಿನ್ನಬಹುದಿತ್ತು. ಎಡವಿದ್ದು ಅಲ್ಲೇ. ಜನ್ಮವಿಡೀ ಬಟ್ಟೆ ಕತ್ತರಿಸಿದ ಕೈ ಅದು. ಸೀಮೆಸುಣ್ಣದ ಗೆರೆ ಎಳೆದರೆ ಒರೆಸಬಹುದು, ಕತ್ತರಿ ಹಾಕಿದ ಮೇಲೆ ಮುಗಿಯಿತು ಎಂಬುದು ಅವಳ ರಕ್ತದಲ್ಲೇ ಇತ್ತು. ಮಾರುವುದು ಅವಳಿಗೆ ಕತ್ತರಿ ಹಾಕಿದಂತೆ, ಸಾಲ ಬರೀ ಸುಣ್ಣದ ಗೆರೆಯಂತೆ ಕಂಡಿತು. ಹಾಗಾಗಿ ಷೇರುಗಳನ್ನೆಲ್ಲ ಬ್ರೋಕರ್ ಹತ್ತಿರ ಅಡವಿಟ್ಟು, ಅವುಗಳ ಮೇಲೆ ತಿಂಗಳು ತಿಂಗಳು ಸಾಲ ತೆಗೆದಳು. ಬಾಡಿಗೆ, ದಿನಸಿ, ಹಲ್ಲಿನ ಡಾಕ್ಟರು, ಈಜುಕೊಳದ ಫೀಜು ಎಲ್ಲ ಅದರಲ್ಲೇ. ಬೆಲೆ ಏರುತ್ತಿದ್ದಷ್ಟು ಕಾಲ ಸಾಲ ಇದೆಯೆಂದೇ ಅನಿಸಲಿಲ್ಲ.

ಆಮೇಲೆ ಬೆಲೆ ಇಳಿಯಿತು. ನಾಳೆ ಏಳುತ್ತದೆ ಅಂದುಕೊಂಡಳು, ಇನ್ನೂ ಇಳಿಯಿತು. ಬ್ರೋಕರ್ ಆಫೀಸಿನ ಹುಡುಗಿ ಫೋನು ಮಾಡಿದಳು. ಅಡವಿಟ್ಟ ಷೇರಿನ ಬೆಲೆ ಸಾಲದ ಎರಡರಷ್ಟಾದರೂ ಇರಬೇಕು, ಈಗ ಅಷ್ಟಿಲ್ಲ, ನಾಳೆ ಮಧ್ಯಾಹ್ನದೊಳಗೆ ಹಣ ಕಟ್ಟಬೇಕು, ಇಲ್ಲದಿದ್ದರೆ ಅವರೇ ಮಾರಿಬಿಡುತ್ತಾರಂತೆ. ಯಾವುದನ್ನು ಮಾರುತ್ತೀರಿ ಎಂದು ಕತ್ತರಿಯಕ್ಕ ಕೇಳಿದಳು.

"ಹಂಗೆಲ್ಲ ನೋಡಲ್ಲ ಮೇಡಂ. ಸಿಸ್ಟಮ್ಮೇ ಮಾರ್ಕೊಂಡ್ ಹೋಗತ್ತೆ."

ಫೋನು ಇಟ್ಟ ಮೇಲೂ ನಷ್ಟಕ್ಕಿಂತ, ತನ್ನದನ್ನು ಯಾರೋ ಕಣ್ಣು ಮುಚ್ಚಿಕೊಂಡು ಹರಿದು ಹಾಕುತ್ತಾರೆ ಎಂಬ ಸಿಟ್ಟು ದೊಡ್ಡದಾಗಿತ್ತು. ಸುದ್ದಿಯನ್ನು ತಮ್ಮನಿಂದ ಮುಚ್ಚಿಡಲಿಲ್ಲ, ತಾನೇ ಹೇಳಿದಳು.

ತಮ್ಮ ಬ್ಯಾಂಕಿನಲ್ಲಿ ಸಾಲದ ವಿಭಾಗದವನು. ಸಂಜೆಗೇ ಚೆಕ್ಕು ಬರೆದುಕೊಂಡು ಬಂದ. ಒಳ್ಳೆಯ ಮನುಷ್ಯನೇ, ಆದರೆ ಅಕ್ಕನನ್ನು ಕೌಂಟರಿನ ಆಚೆ ಕೂರಿಸಿಕೊಂಡವನ ಹಾಗೆ ಮಾತು ಶುರು ಮಾಡಿದ. ಚೆಕ್ಕು ಕೊಡುತ್ತಾನಂತೆ, ಒಂದೇ ಒಂದು ಷರತ್ತು: ಸೋಮವಾರದಿಂದ ಅವಳು ಅಂಗಡಿಗೆ ಹೋಗಬೇಕು. ಓನರ್ ಜೊತೆ ಮಾತಾಡಿಯೂ ಆಗಿದೆ, ಅವರು ದೊಡ್ಡ ಮನಸ್ಸು ಮಾಡಿ ಒಪ್ಪಿದ್ದಾರೆ, ಇವನು ಹೂಂ ಎಂದೂ ಬಂದಿದ್ದಾನೆ.

"ನನ್ ಪರವಾಗಿ ನೀನು ಹೂಂ ಅಂದ್ಯಾ?"

"ಮತ್ತಿನ್ನೇನ್ ಮಾಡ್ಲಿ? ಮಾಡಿದ್ದು ತಪ್ಪು ಅಂತ ನಿಂಗೂ ಗೊತ್ತಲ್ಲಕ್ಕ."

"ತಪ್ಪೇ ಕಣೋ. ಸಾಲ ತಗೊಂಡಿದ್ದು ತಪ್ಪು. ಕೆಲಸ ಬಿಟ್ಟಿದ್ದು ತಪ್ಪಲ್ಲ. ಎರಡನ್ನೂ ಸೇರ್ಸಿ ಹೊಲೀಬೇಡ."

ತಮ್ಮ ಚೆಕ್ಕನ್ನು ಮೇಜಿನ ಮೇಲೆ ಅವಳ ಕಡೆ ಸರಿಸಿದ. ಅವಳು ಅದನ್ನು ಅವನ ಜೇಬಿಗೇ ತುರುಕಿ, ಊಟ ಮಾಡಿಕೊಂಡು ಹೋಗು ಎಂದಳು. ಅವನು ಮುಖ ಊದಿಸಿಕೊಂಡೇ ಎರಡು ಸಲ ಬಡಿಸಿಕೊಂಡ.

ಬೆಳಿಗ್ಗೆ ಬ್ರೋಕರ್ ಆಫೀಸಿನ ಬಾಗಿಲು ತೆರೆಯುವಾಗ ಕತ್ತರಿಯಕ್ಕ ಮೆಟ್ಟಿಲ ಮೇಲಿದ್ದಳು. ಕಂಪ್ಯೂಟರ್ ಪರದೆ ತನ್ನ ಕಡೆ ತಿರುಗಿಸಲು ಹೇಳಿ, ಒಂದೊಂದೇ ಹೆಸರು ಓದಿ, ಯಾವುದು ಹೋಗಬೇಕು ಯಾವುದು ಉಳಿಯಬೇಕು ಎಂದು ತಾನೇ ತೋರಿಸಿದಳು. ಹೆಚ್ಚು ಬೆಲೆಗೆ ಕೊಂಡಿದ್ದನ್ನು ಕಮ್ಮಿ ಬೆಲೆಗೆ ಬಿಡುವಾಗ ಆ ಹೆಸರನ್ನು ಎರಡು ಸಲ ಓದಿ, ಆಮೇಲೆ ಹೂಂ ಎಂದಳು. ಇಷ್ಟೊಂದು ಬೇಡ ಮೇಡಂ, ಸ್ವಲ್ಪ ಮಾರಿದರೆ ಸದ್ಯಕ್ಕೆ ಸಾಕು ಎಂದು ಆ ಹುಡುಗಿಯೇ ಸಲಹೆ ಕೊಟ್ಟಳು.

"ಸದ್ಯಕ್ಕೆ ಬೇಡಮ್ಮ. ಪೂರ್ತಿ ತೀರ್ಸು. ನಾಳೆಯಿಂದ ನೀನು ನಂಗೆ ಫೋನ್ ಮಾಡೋ ಹಾಗಿರಬಾರದು."

ಅರ್ಧಕ್ಕಿಂತ ಹೆಚ್ಚು ಹೋಯಿತು. ಸಾಲ ಒಂದು ಕಾಸೂ ಉಳಿಯಲಿಲ್ಲ. ಮಿಕ್ಕಿದ್ದರಲ್ಲಿ ಆಗಾಗ ಒಂದಿಷ್ಟು ಮಾರಿಕೊಂಡೇ ಬದುಕಬೇಕು, ಆದರೆ ಈಗಿನ ಮನೆಯ ಬಾಡಿಗೆ ಕಟ್ಟಿಕೊಂಡಲ್ಲ. ಮನೆ ಬದಲಾಯಿಸುವುದು, ಹೊಸ ಕನ್ನಡಕ ಕೊಳ್ಳುವುದನ್ನು ಮುಂದಕ್ಕೆ ಹಾಕುವುದು, ಈಜು ಮಾತ್ರ ಬಿಡುವುದಿಲ್ಲ ಎಂದು ಆಟೋ ಹತ್ತದೆ ನಡೆದು ಬರುವಾಗಲೇ ತೀರ್ಮಾನಿಸಿದಳು.

ಸೋಮವಾರ ಬೆಳಿಗ್ಗೆ ತಮ್ಮನ ಫೋನು. ಓನರ್ ಕಾಯುತ್ತಿದ್ದಾರೆ, ಕಟಿಂಗ್ ಮೇಜು ಒರೆಸಿ ಇಡಿಸಿದ್ದಾರೆ, ಈಗ ಅವರಿಗೆ ಯಾವ ಮುಖ ತೋರಿಸಲಿ ಎಂದು ಗೋಳಾಡಿದ.

"ಅಷ್ಟು ಸಂಕೋಚ ಆದ್ರೆ ನೀನೇ ಹೋಗಿ ನಿಂತ್ಕೊಳೋ. ಕತ್ತರಿ ಹಿಡಿಯೋದು ನಾನು ಹೇಳ್ಕೊಡ್ತೀನಿ."

ಆ ಕಡೆಯಿಂದ ನಗು ತಡೆದುಕೊಂಡ ಸದ್ದು ಬಂತು. ಅವನು ಇನ್ನೇನೋ ಹೇಳುವುದರೊಳಗೆ ಇವಳು ಫೋನು ಇಟ್ಟಳು. ಹಿಂದಿನ ಬೀದಿಯಲ್ಲಿ ಮೂರನೇ ಮಹಡಿಯ ಒಂಟಿ ಕೋಣೆಯೊಂದು ಖಾಲಿ ಇತ್ತು, ಅದನ್ನು ನೋಡಲು ಹೊರಟಿದ್ದಳು. ಅಲ್ಲಿ ಮನೆಯ ಯಜಮಾನರು ಮುಂದೆ ಮುಂದೆ ಮೆಟ್ಟಿಲು ಹತ್ತುತ್ತ, ಒಬ್ಬರೇನಾ, ಅಡುಗೆ ಒಳಗೇ ಮಾಡ್ಕೋತೀರಾ ಎಂದೆಲ್ಲ ವಿಚಾರಿಸಿದರು. ಬೀಗ ತೆಗೆಯುವ ಮೊದಲು ತಿರುಗಿ ನಿಂತು, ಏನು ಕೆಲಸದಲ್ಲಿದ್ದೀರಿ ಎಂದು ಕೇಳಿದರು.

"ಕೆಲಸ ಬಿಟ್ಟಿದೀನಿ."

"ಬಿಟ್ಟಿದೀರಾ? ಮತ್ತೆ ಬಾಡಿಗೆ?"

"ತಿಂಗಳು ಹುಟ್ಟೋ ಮುಂಚೆ ನಿಮ್ಮ ಕೈಲಿರತ್ತೆ. ಇಷ್ಟು ಮೇಲಕ್ಕೆ ನೀರು ಏರತ್ತಾ, ಅದನ್ನ ಹೇಳಿ ಮೊದ್ಲು."